ಹತ್ತು ಸಾವಿರ ಡಾಲರಿಗೆ ಏನು ಸಿಗುತ್ತದೆ? ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಇವೆಂಟ್ ವಿಮರ್ಶೆ

ಪೋಕರನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ಟೂರ್ನಮೆಂಟ್ ಅನ್ನುವುದು ಹಬ್ಬವೂ ಅಲ್ಲ, ಜಾತ್ರೆಯೂ ಅಲ್ಲ. ಅದು ದುಡ್ಡು ಕೊಟ್ಟು ಕೊಳ್ಳುವ ಸರಕು. ಎಷ್ಟು ಚಿಪ್ಸ್ (ಆಟದ ಬಿಲ್ಲೆ) ಕೊಡುತ್ತಾರೆ, ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಇಡಬೇಕಾದ ಕಡ್ಡಾಯ ಪಣ) ಎಷ್ಟು ನಿಧಾನಕ್ಕೆ ಏರುತ್ತದೆ, ಎದುರಿಗೆ ಯಾರು ಕೂರುತ್ತಾರೆ, ಕಟ್ಟಿದ ದುಡ್ಡಿನಲ್ಲಿ ಎಷ್ಟು ಮನೆಯವರ, ಅಂದರೆ ಆಟ ನಡೆಸುವವರ, ಪಾಲಾಗುತ್ತದೆ, ಉಳಿದದ್ದು ಹೇಗೆ ಹಂಚಿಕೆಯಾಗುತ್ತದೆ ಎಂದು ನೋಡಿ ಬೆಲೆ ಕಟ್ಟಬೇಕು. ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಎಂಬ ಟೂರ್ನಿ ಸರಣಿಯ ಮುಖ್ಯ ಟೂರ್ನಿಯಾದ ಮೇನ್ ಇವೆಂಟನ್ನು ಈ ತಕ್ಕಡಿಯಲ್ಲಿಟ್ಟರೆ ವಿಚಿತ್ರ ಫಲಿತಾಂಶ ಬರುತ್ತದೆ. ಸರಕು ಅಪ್ಪಟ, ಇದರ ಸಮಕ್ಕೆ ಇನ್ನೊಂದಿಲ್ಲ. ಆದರೆ ಪೂರ್ತಿ ದುಡ್ಡು ಸ್ವಂತ ಜೇಬಿನಿಂದ ಹಾಕಿ ಕೊಂಡರೆ ಮುಕ್ಕಾಲುಪಾಲು ಪ್ರೊಗಳಿಗೆ ಇದು ತಪ್ಪು ವ್ಯಾಪಾರ.

ಮೊದಲು ಸರಕಿನ ಗುಣ ನೋಡೋಣ.

ಬೈ-ಇನ್ (ಪ್ರವೇಶ ಶುಲ್ಕ) 10,000 ಡಾಲರ್. ಈ ದರ 1972ರಿಂದ ಹಾಗೇ ನಿಂತಿದೆ. ಹಣದುಬ್ಬರದ ಲೆಕ್ಕ ಹಿಡಿದರೆ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಲೇ ಬಂದಿದೆ, ಪೋಕರ್ ಲೋಕದಲ್ಲಿ ಹೀಗೆ ಅಗ್ಗವಾದ ವಸ್ತು ಬೇರೆ ಕಾಣೆ. ಕೈಗೆ 60,000 ಚಿಪ್ಸ್ ಕೊಡುತ್ತಾರೆ. ಮೊದಲ ಲೆವೆಲ್‌ನ ಬ್ಲೈಂಡ್ 100–200. ಅದರಲ್ಲಿ ದೊಡ್ಡದಾದ ಬಿಗ್ ಬ್ಲೈಂಡ್ 200, ಅಂದರೆ ಆರಂಭಕ್ಕೇ 300 ಬಿಗ್ ಬ್ಲೈಂಡ್. ಪ್ರತಿ ಲೆವೆಲ್ ಎರಡು ಗಂಟೆ, ಮೊದಲ ದಿನ ಐದು ಲೆವೆಲ್. ಗೋವಾದ ಕ್ಯಾಸಿನೊ ಟೂರ್ನಿಗಳಲ್ಲಿ ಅರ್ಧ, ಮುಕ್ಕಾಲು ಗಂಟೆಗೊಮ್ಮೆ ಬ್ಲೈಂಡ್ ಏರುವುದನ್ನು ಕಂಡವರಿಗೆ ಈ ನಿಧಾನ ಬೇರೆಯದೇ ಆಟ ಅನ್ನಿಸುತ್ತದೆ. ಒಂಬತ್ತು ಜನರ ಲೈವ್ ಟೇಬಲ್‌ನಲ್ಲಿ ಗಂಟೆಗೆ 25ರಿಂದ 30 ಕೈ (ಎಲೆ ಹಂಚಿ ಆಡುವ ಸುತ್ತು) ಹಂಚುತ್ತಾರೆ. ಹಾಗಾಗಿ ಮೊದಲ ದಿನವೇ 250ರ ಮೇಲೆ ಕೈ ನೋಡಬಹುದು, ಅಷ್ಟರಲ್ಲಿ ಯಾವ ಒತ್ತಡವೂ ಹುಟ್ಟಿರುವುದಿಲ್ಲ. ಒಂದು ಗಂಟೆ ಒಳ್ಳೆಯ ಎಲೆ ಬಾರದಿದ್ದರೂ ಸ್ಟ್ಯಾಕ್‌ಗೆ (ನಿಮ್ಮ ಚಿಪ್ಸ್ ರಾಶಿಗೆ) ಗೀರು ಬೀಳುವುದಿಲ್ಲ.

ರೀ-ಎಂಟ್ರಿ ಇಲ್ಲ. ಒಮ್ಮೆ ಹೊರಬಿದ್ದರೆ ಮುಂದಿನ ವರ್ಷವೇ ಗತಿ. ಇದು ಗುಣವೋ ದೋಷವೋ ಎಂದು ಕೇಳಿದರೆ ಗುಣ ಎಂದೇ ಹೇಳಬೇಕು. ರೀ-ಎಂಟ್ರಿ ಇರುವ ಕಡೆ ದುಡ್ಡಿರುವವರು ನಾಲ್ಕು ಸಲ ಒಳಗೆ ಬರುತ್ತಾರೆ, ಹವ್ಯಾಸಿಗಳು ಒಂದೇ ಸಲ. ಇಲ್ಲಿ ಎಲ್ಲರಿಗೂ ಒಂದೇ ಬುಲೆಟ್. ತಡವಾಗಿ ಸೇರುವವರಿಗೆ ಎರಡನೇ ದಿನದ ಮೊದಲ ಎರಡು ಲೆವೆಲ್‌ವರೆಗೂ ಬಾಗಿಲು ತೆರೆದಿರುತ್ತದೆ, ಆದರೆ ಹಾಗೆ ಸೇರುವುದು ಕೊಂಡ ಸಾಮಾನಿನ ಅತ್ಯುತ್ತಮ ಭಾಗವನ್ನು ಕಸದ ಬುಟ್ಟಿಗೆ ಹಾಕಿದಂತೆ. ಪ್ರೊಗಳ ಲಾಭ ಹುಟ್ಟುವುದೇ ಆ ಮೊದಲ ಹತ್ತು ಗಂಟೆಗಳಲ್ಲಿ, ಸ್ಟ್ಯಾಕ್ ಆಳವಾಗಿದ್ದು ಎದುರಾಳಿಗಳು ಮೃದುವಾಗಿರುವಾಗ.

ಮನೆಯವರ ಪಾಲು ಎಷ್ಟು? 2023ರಲ್ಲಿ 10,043 ಜನ ಸೇರಿದ್ದರು, ಬಹುಮಾನದ ಮೊತ್ತ 93,399,900 ಡಾಲರ್. ಭಾಗಿಸಿ ನೋಡಿ, ತಲೆಗೆ 9,300 ಬರುತ್ತದೆ. ಅಂದರೆ ಹತ್ತು ಸಾವಿರಕ್ಕೆ 700, ಶೇಕಡಾ 7. ಅದೇ ಸೀರೀಸ್‌ನ 1,500 ಡಾಲರ್ ಟೂರ್ನಿಗಳಲ್ಲಿ ಈ ಪಾಲು ಶೇಕಡಾ 11ರ ಆಸುಪಾಸಿನಲ್ಲಿದೆ. ಸಣ್ಣ ಟಿಕೆಟ್‌ಗೆ ಹೆಚ್ಚು ರೇಕ್ (ಮನೆಯವರ ಪಾಲು), ದೊಡ್ಡ ಟಿಕೆಟ್‌ಗೆ ಕಡಿಮೆ ರೇಕ್ ಎನ್ನುವುದು ಈ ದಂಧೆಯ ಹಳೆಯ ಅನ್ಯಾಯ, ಅದರ ಫಲಾನುಭವಿ ಇಲ್ಲಿ ನೀವೇ.

ಇನ್ನು ಎದುರಾಳಿಗಳು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ 86 ಡಾಲರಿನ ಆನ್‌ಲೈನ್ ಸ್ಯಾಟಲೈಟ್‌ನಿಂದ (ದೊಡ್ಡ ಟೂರ್ನಿಯ ಸೀಟನ್ನೇ ಬಹುಮಾನವಾಗಿ ಕೊಡುವ ಸಣ್ಣ ಟೂರ್ನಿ) ಬಂದು 839 ಜನರ ಕಣದಲ್ಲಿ 25 ಲಕ್ಷ ಡಾಲರ್ ಗೆದ್ದ ಮೇಲೆ ಜನಸಾಮಾನ್ಯರ ಪ್ರವಾಹ ಶುರುವಾಯಿತು, ಇನ್ನೂ ನಿಂತಿಲ್ಲ. 2006ರಲ್ಲಿ 8,773 ಆಟಗಾರರು, 2024ರಲ್ಲಿ ದಾಖಲೆಯ 10,112, 2025ರಲ್ಲಿ 9,735. ಈ ಗುಂಪಿನಲ್ಲಿ ದಂತವೈದ್ಯರು, ಗುತ್ತಿಗೆದಾರರು, ನಿವೃತ್ತರು, ಜೀವನದಲ್ಲಿ ಒಮ್ಮೆ ಆಡಬೇಕೆಂದು ಕೂಡಿಟ್ಟು ಬಂದವರು ತುಂಬಿರುತ್ತಾರೆ. ಹತ್ತು ಸಾವಿರ ಡಾಲರಿನ ಬೇರೆ ಯಾವ ಟೂರ್ನಿಯಲ್ಲೂ ಇಷ್ಟು ಹವ್ಯಾಸಿಗಳು ಸಿಗುವುದಿಲ್ಲ. ಅಲ್ಲೆಲ್ಲ ಟೇಬಲ್‌ಗೆ ಐದಾರು ಪ್ರೊಗಳು, ಇಲ್ಲಿ ಒಬ್ಬಿಬ್ಬರು.

ಆದರೆ ಮೃದು ಎದುರಾಳಿ ಅಂದರೆ ಸುಲಭ ಆಟ ಎಂದಲ್ಲ. ಆನ್‌ಲೈನ್‌ನಲ್ಲಿ ಪಳಗಿದವರು ಇಲ್ಲಿ ಮುಗ್ಗರಿಸುವ ಜಾಗ ಒಂದಿದೆ, ಒಂದು ಕೈ ಬಿಡಿಸಿ ತೋರಿಸುತ್ತೇನೆ. ಮೊದಲ ಲೆವೆಲ್, ನಿಮ್ಮ ಕೈಯಲ್ಲಿ ಎರಡು ಏಸ್. 600ಕ್ಕೆ ರೇಸ್ ಮಾಡಿದಿರಿ (ಪಣ ಏರಿಸಿದಿರಿ), ಹಿಂದಿನ ಇಬ್ಬರು ಕಾಲ್ ಮಾಡಿದರು (ಅಷ್ಟನ್ನೇ ಇಟ್ಟರು). ಬ್ಲೈಂಡ್, ಆ್ಯಂಟಿ (ಪ್ರತಿ ಕೈಗೂ ಇಡುವ ಇನ್ನೊಂದು ಕಡ್ಡಾಯ ಪಣ) ಸೇರಿ ಪಾಟ್ (ಮೇಜಿನ ನಡುವೆ ಕೂಡಿದ ಪಣ) 2,300. ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ಬಿಚ್ಚಿಡುವ ಮೊದಲ ಮೂರು ಎಲೆ) ಕ್ವೀನ್–8–5, ಮೂರೂ ಬೇರೆ ಬೇರೆ ಜಾತಿ. 1,200 ಬೆಟ್, ಒಬ್ಬರು ಕಾಲ್. ಟರ್ನ್‌ನಲ್ಲಿ (ನಾಲ್ಕನೇ ಎಲೆ) 2, ನೀವು 3,000, ಮತ್ತೆ ಕಾಲ್. ರಿವರ್ (ಐದನೇ, ಕೊನೆಯ ಎಲೆ) ಜ್ಯಾಕ್. ಪಾಟ್ 10,700 ಆಗಿದೆ, ನೀವು 6,000 ಇಟ್ಟಿರಿ. ಎದುರಿನ ಹಿರಿಯರು ಒಂದು ಗುಟುಕು ನೀರು ಕುಡಿದು 55,200 ಪೂರ್ತಿ ಒಳಗೆ ತಳ್ಳಿದರು.

ಈಗ ಲೆಕ್ಕ. ನೀವು ಇನ್ನೂ 49,200 ಹಾಕಬೇಕು, ಗೆದ್ದರೆ ಸಿಗುವುದು 71,900. ಕಾಲ್ ಗಿಟ್ಟಬೇಕಾದರೆ ನೂರಕ್ಕೆ ನಲವತ್ತೊಂದು ಸಲ ನಿಮ್ಮ ಏಸ್ ಜೋಡಿ ಗೆಲ್ಲಬೇಕು. ಸಾಲ್ವರ್ (ಪೋಕರ್ ಲೆಕ್ಕ ಬಿಡಿಸುವ ಸಾಫ್ಟ್‌ವೇರ್) ಮುಂದೆ ಕೂತು ಕಲಿತವರ ಮನಸ್ಸು ‘ಇಲ್ಲಿ ಬ್ಲಫ್ ಇರಲೇಬೇಕು’ ಎಂದು ಪಿಸುಗುಟ್ಟುತ್ತದೆ. ಆದರೆ ವರ್ಷವಿಡೀ ಈ ದಿನಕ್ಕಾಗಿ ಕಾದು ಬಂದವರು ಮೊದಲ ಲೆವೆಲ್‌ನಲ್ಲಿ 276 ಬಿಗ್ ಬ್ಲೈಂಡ್ ಹಿಡಿದು ಬ್ಲಫ್ ಮಾಡುವುದಿಲ್ಲ. ಅವರ ಬಳಿ 10–9ರ ಸ್ಟ್ರೇಟ್ (8ರಿಂದ ಕ್ವೀನ್‌ವರೆಗೆ ಸಾಲಾಗಿ ಐದು ಎಲೆ) ಇದೆ, ಇಲ್ಲವೇ 8 ಅಥವಾ 5ರ ಸೆಟ್ (ಒಂದೇ ಅಂಕಿಯ ಮೂರು ಎಲೆ) ಇದೆ. ಎಲೆ ಕೆಳಗಿಟ್ಟರೆ ನಿಮ್ಮ ಬಳಿ 49,200 ಉಳಿಯುತ್ತದೆ, ಅಂದರೆ ಇನ್ನೂ 246 ಬಿಗ್ ಬ್ಲೈಂಡ್. ಬೇರೆ ಬಹುತೇಕ ಟೂರ್ನಿಗಳ ಆರಂಭದ ಸ್ಟ್ಯಾಕ್‌ಗಿಂತ ಇದೇ ಹೆಚ್ಚು. ಮೇನ್ ಇವೆಂಟ್‌ನ ಮೊದಲ ದಿನ ಹೊರಬೀಳುವ ಪ್ರೊಗಳಲ್ಲಿ ಹೆಚ್ಚಿನವರು ಹೊರಬೀಳುವುದು ಒಂದು ಜೋಡಿಯನ್ನು ಇಂಥ ಕಡೆ ಬಿಡಲಾರದೆ. ಇದರ ಇನ್ನೊಂದು ಮುಖವೂ ಅಷ್ಟೇ ಮುಖ್ಯ: ಹವ್ಯಾಸಿಗಳು ಬ್ಲಫ್ ಮಾಡುವುದು ಕಮ್ಮಿ, ಕಾಲ್ ಮಾಡುವುದು ಜಾಸ್ತಿ. ಹಾಗಾಗಿ ಒಳ್ಳೆಯ ಕೈ ಬಂದಾಗ ದಪ್ಪ ಬೆಟ್ ಇಡಿ, ಫ್ಲಾಪ್, ಟರ್ನ್, ರಿವರ್ ಮೂರರಲ್ಲೂ ಎಳೆಯುವ ಬ್ಲಫನ್ನು ಮರೆತುಬಿಡಿ.

ಇಲ್ಲಿಯವರೆಗೆ ಸರಕಿಗೆ ಪೂರ್ಣಾಂಕ. ಎಡವಟ್ಟು ಇರುವುದು ಬಹುಮಾನದ ಹಂಚಿಕೆಯಲ್ಲಿ.

ಒಟ್ಟು ಆಟಗಾರರಲ್ಲಿ ಶೇಕಡಾ 15ರಷ್ಟು ಜನರಿಗೆ ದುಡ್ಡು ಸಿಗುತ್ತದೆ. 2024ರಲ್ಲಿ 1,517 ಜನರಿಗೆ ಸಿಕ್ಕಿತು, ಕನಿಷ್ಠ ಬಹುಮಾನ 15,000. ಆ ವರ್ಷ ಗೆದ್ದ ಜೊನಾಥನ್ ತಮಾಯೊಗೆ ಒಂದು ಕೋಟಿ ಡಾಲರ್, ಎರಡನೆಯವರಿಗೆ 60 ಲಕ್ಷ, ಒಂಬತ್ತನೆಯವರಿಗೆ 10 ಲಕ್ಷ. ಫೈನಲ್ ಟೇಬಲ್‌ನ ಒಂಬತ್ತು ಕುರ್ಚಿಗಳಿಗೆ ಹೋದದ್ದು ಮೂರು ಕೋಟಿ ಡಾಲರ್‌ಗೂ ಮೇಲೆ, ಒಟ್ಟು ಮೊತ್ತದ ಸುಮಾರು ಮೂರನೇ ಒಂದು ಪಾಲು. ಇದನ್ನು ಟಿಕೆಟ್ ಲೆಕ್ಕಕ್ಕೆ ಇಳಿಸಿ. ನೀವು ಕಟ್ಟಿದ ಹತ್ತು ಸಾವಿರದಲ್ಲಿ 700 ಮನೆಗೆ. ಸುಮಾರು 3,100 ಆ ಒಂಬತ್ತು ಕುರ್ಚಿಗಳಿಗೆ. ಉಳಿದ ಎಲ್ಲ ಸ್ಥಾನಗಳಿಗೆ ಸೇರಿ ಬರುವುದು 6,200.

ಅಂದರೆ ಫೈನಲ್ ಟೇಬಲ್ ಒಮ್ಮೆಯೂ ಮುಟ್ಟದ ಸಾಧಾರಣ ಆಟಗಾರರಿಗೆ ಹತ್ತು ಸಾವಿರದ ಟಿಕೆಟ್ ಸರಾಸರಿ 6,200 ಡಾಲರ್ ಕೊಡುತ್ತದೆ. ನೀವು ಸಾಧಾರಣದವರಿಗಿಂತ ಶೇಕಡಾ 60 ಉತ್ತಮರು ಎಂದಿಟ್ಟುಕೊಳ್ಳಿ, ಇದು ಉದಾರವಾದ ಅಂದಾಜೇ. ಆಗಲೂ ಫೈನಲ್ ಟೇಬಲ್ ಬಿಟ್ಟರೆ ಕೈಗೆ ಬರುವುದು ಸುಮಾರು 9,900. ವಿಮಾನ, ಹೋಟೆಲ್ ಬಿಟ್ಟೇ ಲೆಕ್ಕ ಹಾಕಿದರೂ ನಷ್ಟ. ಲಾಭವೆಲ್ಲ ಇರುವುದು ಫೈನಲ್ ಟೇಬಲ್‌ನಲ್ಲಿ. ಅದನ್ನು ಮುಟ್ಟುವ ಸಾಧ್ಯತೆ? ಹತ್ತು ಸಾವಿರ ಜನರಲ್ಲಿ ಒಂಬತ್ತು, ನಿಮಗೆ ಅದರ ಒಂದೂ ಮುಕ್ಕಾಲು ಪಟ್ಟಿಗಿಂತ ಚೂರು ಕಡಿಮೆ. ಸುಮಾರು ಏಳುನೂರು ವರ್ಷ ಆಡಿದರೆ ಒಂದು ಸಲ. ಮೂವತ್ತು ವರ್ಷದ ವೃತ್ತಿ ಬದುಕಿನಲ್ಲಿ ಒಮ್ಮೆ ತಲುಪುವ ಸಂಭವ ನೂರಕ್ಕೆ ನಾಲ್ಕು. ನಿಜಕ್ಕೂ ಒಳ್ಳೆಯ, ನಿಜಕ್ಕೂ ಲಾಭದ ಆಟಗಾರರಲ್ಲೂ ನೂರಕ್ಕೆ ತೊಂಬತ್ತಾರು ಮಂದಿ ಮೇನ್ ಇವೆಂಟ್ ಖಾತೆಯನ್ನು ಆ ಕುರ್ಚಿ ಮುಟ್ಟದೆಯೇ ಮುಚ್ಚುತ್ತಾರೆ.

‘ಮೈಕಲ್ ಮಿಜ್ರಾಕಿ 2025ರಲ್ಲಿ ಗೆದ್ದಿದ್ದು ಹೇಗೆ, ಅವರು ಪ್ರೊ ಅಲ್ಲವೇ’ ಎಂದು ವಾದಿಸುವವರಿರುತ್ತಾರೆ. ಅಪ್ಪಟ ಪ್ರೊ, ಅದೇ ಬೇಸಿಗೆಯಲ್ಲಿ 50,000 ಡಾಲರಿನ ಪೋಕರ್ ಪ್ಲೇಯರ್ಸ್ ಚಾಂಪಿಯನ್‌ಶಿಪ್ಪನ್ನು ನಾಲ್ಕನೇ ಸಲ ಗೆದ್ದವರು. ಆದರೆ ಒಬ್ಬರು ಗೆದ್ದರೆಂದು ಟಿಕೆಟ್‌ನ ಬೆಲೆ ಬದಲಾಗುವುದಿಲ್ಲ. ನಮ್ಮ ಕರ್ನಾಟಕದ ಸಂತೋಷ್ ಸುವರ್ಣ 2024ರಲ್ಲಿ ಇದೇ ಸೀರೀಸ್‌ನಲ್ಲಿ 5,415,152 ಡಾಲರ್ ಗೆದ್ದರು, ಆದರೆ ಅದು 2,50,000 ಡಾಲರಿನ ಸೂಪರ್ ಹೈ ರೋಲರ್, ನೂರು ಜನವೂ ಇಲ್ಲದ ಕೂಟ. ಜನ ಕಡಿಮೆ ಇದ್ದಲ್ಲಿ ಪ್ರತಿಭೆ ಬೇಗ ಲೆಕ್ಕಕ್ಕೆ ಬರುತ್ತದೆ, ಹತ್ತು ಸಾವಿರ ಜನರ ಸಂತೆಯಲ್ಲಿ ಬರುವ ಹೊತ್ತಿಗೆ ತಲೆ ನರೆತಿರುತ್ತದೆ. ಎರಡೂ ಬೇರೆ ಬೇರೆ ವೃತ್ತಿಗಳೆಂದೇ ಹೇಳಬೇಕು.

ಹಾಗಾದರೆ ಕೊಳ್ಳುವುದು ಹೇಗೆ?

ಟೂರ್ನಮೆಂಟ್ ಪ್ರೊಗಳು ಸಾಮಾನ್ಯವಾಗಿ ಬ್ಯಾಂಕ್‌ರೋಲ್‌ನಲ್ಲಿ (ಆಟಕ್ಕೆಂದೇ ಎತ್ತಿಟ್ಟ ದುಡ್ಡಿನಲ್ಲಿ) ಕಮ್ಮಿಯೆಂದರೂ ನೂರು ಬೈ-ಇನ್ ಇಟ್ಟುಕೊಳ್ಳುವ ನಿಯಮ ಪಾಲಿಸುತ್ತಾರೆ. ಇಂಥ ದೊಡ್ಡ ಗುಂಪಿನ ಆಟಕ್ಕೆ ಇನ್ನೂರು ಬೇಕು. ಹತ್ತು ಸಾವಿರದ ನೂರು ಪಟ್ಟು ಅಂದರೆ ಹತ್ತು ಲಕ್ಷ ಡಾಲರ್. ಅಷ್ಟಿಲ್ಲದವರಿಗೆ ಇರುವ ಸರಿಯಾದ ದಾರಿ ಆ್ಯಕ್ಷನ್, ಅಂದರೆ ಗೆಲುವಿನ ಪಾಲನ್ನು ಮುಂಚೆಯೇ ಮಾರುವುದು. ನಿಮ್ಮ ಫಲಿತಾಂಶದ ಶೇಕಡಾ 70ನ್ನು 1.2 ಮಾರ್ಕ್‌ಅಪ್‌ಗೆ (ಮೂಲ ಬೆಲೆಯ 1.2 ಪಟ್ಟಿಗೆ) ಮಾರಿದರೆ ಕೈಗೆ 8,400 ಬರುತ್ತದೆ. ಉಳಿದ ಶೇಕಡಾ 30 ನಿಮಗೆ ಬಿದ್ದದ್ದು 1,600ಕ್ಕೆ. ಮೇಲಿನ ಅಂದಾಜನ್ನೇ ಹಿಡಿದರೆ ಫೈನಲ್ ಟೇಬಲ್ ಇಲ್ಲದೆಯೂ ಆ ಪಾಲಿನ ಬೆಲೆ ಸುಮಾರು 2,980. ಪೂರ್ತಿ ಕೊಂಡಾಗ ನಷ್ಟದಲ್ಲಿದ್ದ ವ್ಯಾಪಾರ ಈಗ ಖರ್ಚು ತೆಗೆದರೂ ಉಸಿರಾಡುತ್ತದೆ. ಆದರೆ ಮಾರ್ಕ್‌ಅಪ್‌ಗೆ ಮಿತಿ ಇರಲಿ. ಕೊಳ್ಳುವವರಿಗೂ ಲೆಕ್ಕ ಬರುತ್ತದೆ, 1.5ರ ಮೇಲೆ ಕೇಳಿದರೆ ಅವರಿಗೆ ಉಳಿಯುವುದು ನಿಮ್ಮ ಜೊತೆ ಫೋಟೋ ಮಾತ್ರ. ಒಪ್ಪಂದವನ್ನು ಬರೆದಿಡಿ: ಶೇಕಡಾವಾರು, ಮಾರ್ಕ್‌ಅಪ್, ತೆರಿಗೆ ಕಳೆದ ಮೇಲೆ ಹಂಚುವುದೋ ಮೊದಲೇ ಹಂಚುವುದೋ, ದುಡ್ಡು ಎಷ್ಟು ದಿನದಲ್ಲಿ. ಜಗಳ ಹುಟ್ಟುವುದು ಯಾವಾಗಲೂ ಆ ಮೂರನೆಯ ಸಾಲು ಬರೆಯದೇ ಬಿಟ್ಟಾಗ.

ಇನ್ನೊಂದು ದಾರಿ ಸ್ಯಾಟಲೈಟ್. ವೇಗಸ್‌ನಲ್ಲೇ 1,100 ಡಾಲರಿನ ಮೆಗಾ ಸ್ಯಾಟಲೈಟ್‌ಗಳು ನಡೆಯುತ್ತವೆ, ಸುಮಾರು ಹತ್ತು ಜನಕ್ಕೆ ಒಂದು ಸೀಟು. ಇಲ್ಲಿ ಮೊದಲನೆಯವರಿಗೂ ಕೊನೆಯ ಸೀಟು ಪಡೆದವರಿಗೂ ಒಂದೇ ಬಹುಮಾನ. ಹಾಗಾಗಿ ಹತ್ತು ಸೀಟಿಗೆ ಹನ್ನೊಂದು ಜನ ಉಳಿದು, ನಿಮ್ಮ ಸ್ಟ್ಯಾಕ್ ದೊಡ್ಡದಿದ್ದರೆ ಎರಡು ಏಸ್ ಬಂದರೂ ಇನ್ನೊಂದು ದೊಡ್ಡ ಸ್ಟ್ಯಾಕ್ ವಿರುದ್ಧ ಎಸೆಯಬೇಕು. ಇದನ್ನು ಒಪ್ಪಲಾರದ ಒಳ್ಳೆಯ ಆಟಗಾರರೇ ಸ್ಯಾಟಲೈಟ್‌ಗೆ ಅತಿ ಹೆಚ್ಚು ದುಡ್ಡು ಸುರಿಯುತ್ತಾರೆ. ಎರಡು ಸಲ ಪ್ರಯತ್ನ ಎಂದು ಮೊದಲೇ ನಿಗದಿ ಮಾಡಿ, ಅಲ್ಲಿಗೆ ನಿಲ್ಲಿಸಿ. ಊರಲ್ಲೇ ಕೂತು ಆ್ಯಪ್‌ನಲ್ಲಿ ಸೀಟು ಗೆಲ್ಲುವ ಮಾತು ಮುಗಿದಿದೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದುಪಡಿಯಿಂದ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನು ದೇಶಕ್ಕೇ ನಿಷೇಧಿಸಿತು. ಬೆಂಗಳೂರಿನ ಪ್ರೊಗಳಿಗೆ ಈಗ ಲೈವ್ ಆಟವೇ ಕಸುಬು, ಅದಕ್ಕೇ ವೇಗಸ್ ಬೇಸಿಗೆಯ ಲೆಕ್ಕ ಮೊದಲಿಗಿಂತ ಬಿಗಿಯಾಗಿರಬೇಕು.

ದುಡ್ಡು ಕಟ್ಟುವುದೇ ಇಲ್ಲಿಂದ ಹೋದವರಿಗೆ ಮೊದಲ ತಲೆನೋವು. ಭಾರತದಿಂದ ಪ್ರವಾಸಕ್ಕೆ ಹೋಗುವವರು ನೋಟಿನ ರೂಪದಲ್ಲಿ 3,000 ಡಾಲರಿಗಿಂತ ಹೆಚ್ಚು ಒಯ್ಯುವಂತಿಲ್ಲ. ಇಲ್ಲಿಯ ಬ್ಯಾಂಕ್ ಕಾರ್ಡ್‌ಗಳು ಕ್ಯಾಸಿನೊ ಪಾವತಿಗೆ ಒಗ್ಗುವುದಿಲ್ಲ. ವಿದೇಶಿ ವಿನಿಮಯ ನಿಯಮಗಳು ಲಾಟರಿ, ಸ್ವೀಪ್‌ಸ್ಟೇಕ್ ಬಗೆಯ ಪಾವತಿಗೆ ಹಣ ಕಳುಹಿಸುವುದನ್ನು ತಡೆಯುತ್ತವೆ. ಹೊರಡುವ ಮುಂಚೆಯೇ ಇದನ್ನು ಆಡಿಟರ್ ಜೊತೆ ಬಗೆಹರಿಸಿಕೊಳ್ಳಿ. ಯಾವ ದೇಶದಿಂದ ಬಂದರೂ 10,000 ಡಾಲರಿಗಿಂತ ಹೆಚ್ಚು ನಗದು ಇದ್ದರೆ ಅಮೆರಿಕದ ಕಸ್ಟಮ್ಸ್‌ಗೆ ಘೋಷಿಸಬೇಕು. ಘೋಷಿಸಿದರೆ ತೊಂದರೆಯಿಲ್ಲ, ಮುಚ್ಚಿಟ್ಟರೆ ಮುಟ್ಟುಗೋಲು.

ನೋಂದಣಿ ಮೊದಲಿಗಿಂತ ಸುಧಾರಿಸಿದೆ. 2024ರಲ್ಲಿ ಬಂದ, ಸೀರೀಸ್‌ನದೇ ಆದ ಡಬ್ಲ್ಯುಎಸ್‌ಒಪಿ ಪ್ಲಸ್ ಆ್ಯಪ್‌ನಲ್ಲಿ ಗುರುತಿನ ದಾಖಲೆ ಹಾಕಿ, ವೇಗಸ್‌ನಲ್ಲಿ ಒಮ್ಮೆ ಖುದ್ದು ತೋರಿಸಿದರೆ ಆಮೇಲೆ ಕಿಯಾಸ್ಕ್‌ನಲ್ಲಿ ಸೀಟ್ ಚೀಟಿ ತೆಗೆದುಕೊಳ್ಳಬಹುದು. ಮೇನ್ ಇವೆಂಟ್‌ನ ಮೊದಲ ದಿನದ ಆಟವನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಬೇರೆ ದಿನಗಳಿಗೆ ಹಂಚಿರುತ್ತಾರೆ, ಕೊನೆಯದರಲ್ಲಿ ನೂಕುನುಗ್ಗಲು. ಆ ದಿನ ಬೇಡ, ಎ ಅಥವಾ ಬಿ ಆರಿಸಿಕೊಳ್ಳಿ.

ಜಾಗ 2022ರಿಂದ ಹಾರ್ಸ್‌ಶೂ ಮತ್ತು ಪ್ಯಾರಿಸ್ ಎಂಬ ಅಕ್ಕಪಕ್ಕದ ಎರಡು ಹೋಟೆಲ್‌ಗಳ ಸಭಾಂಗಣ. ಹೊರಗೆ ಜುಲೈ ಬಿಸಿಲು, 2024ರಲ್ಲಿ ಮೇನ್ ಇವೆಂಟ್ ನಡೆಯುತ್ತಿರುವಾಗಲೇ ವೇಗಸ್ 48.9 ಡಿಗ್ರಿ ಸೆಲ್ಸಿಯಸ್ ದಾಖಲೆ ಮುಟ್ಟಿತು. ಒಳಗೆ ಏಸಿ ಮೂಳೆ ಕೊರೆಯುತ್ತದೆ, ಸ್ವೆಟರ್ ಇಲ್ಲದೆ ಹೋಗಬೇಡಿ. ವಿರಾಮ ಎಲ್ಲರಿಗೂ ಒಂದೇ ಹೊತ್ತಿಗೆ, ಶೌಚಾಲಯದ ಸಾಲು ಅದಕ್ಕೆ ತಕ್ಕಂತೆ. ಲೆವೆಲ್ ಮುಗಿಯುವ ಎರಡು ನಿಮಿಷ ಮುಂಚೆ ಒಂದು ಕೈ ಬಿಟ್ಟು ಎದ್ದು ಹೋಗುವುದು ಅನುಭವಿಗಳ ಉಪಾಯ. ಊಟ ದುಬಾರಿ, ರುಚಿಯೂ ಅಷ್ಟಕ್ಕಷ್ಟೆ, ಸಸ್ಯಾಹಾರಿಗಳು ಬ್ಯಾಗ್‌ನಲ್ಲಿ ಏನಾದರೂ ಇಟ್ಟುಕೊಂಡಿರುವುದೇ ಮೇಲು.

ಸೇವೆಗೆ ಅರ್ಧ ಅಂಕ ಕಳೆಯಬೇಕು. ಇಷ್ಟು ಟೇಬಲ್‌ಗಳಿಗೆ ಋತುಮಾನದ ಡೀಲರ್‌ಗಳನ್ನು ತರಿಸುತ್ತಾರೆ. ಕೆಲವರು ಅದ್ಭುತ, ಕೆಲವರಿಗೆ ಸೈಡ್ ಪಾಟ್ (ಒಬ್ಬರ ಚಿಪ್ಸ್ ಮುಗಿದ ಮೇಲೆ ಉಳಿದವರು ಆಡುವ ಬೇರೆ ಪಾಟ್) ಮಾಡಲೂ ಕಷ್ಟ. ಮೂರು ಜನ ಆಲ್-ಇನ್ ಆದಾಗ (ಇದ್ದ ಚಿಪ್ಸ್ ಎಲ್ಲ ಒಳಗಿಟ್ಟಾಗ) ಪಾಟ್‌ಗಳನ್ನು ನೀವೇ ಮನಸ್ಸಿನಲ್ಲಿ ಎಣಿಸಿಡಿ, ತಪ್ಪು ಕಂಡರೆ ಮುಂದಿನ ಕೈ ಶುರುವಾಗುವ ಮೊದಲೇ ಫ್ಲೋರ್ (ಮೇಲ್ವಿಚಾರಕರನ್ನು) ಕರೆಯಿರಿ. ಮೊದಲ ದಿನಗಳಲ್ಲಿ ಶಾಟ್ ಕ್ಲಾಕ್ (ಪ್ರತಿ ನಿರ್ಧಾರಕ್ಕೂ ಕಾಲಮಿತಿ) ಇಲ್ಲದ ಕಾರಣ ಯೋಚಿಸುತ್ತ ಕೂರುವವರು ನಿಮ್ಮ ಗಂಟೆಯ ಕೈಗಳನ್ನು ತಿನ್ನುತ್ತಾರೆ. ಕ್ಲಾಕ್ ಕರೆಯುವುದು (ಅವರಿಗೆ ಕಾಲಮಿತಿ ಹಾಕಿಸುವುದು) ಅಸಭ್ಯತೆಯಲ್ಲ, ಕರೆಯಿರಿ. ಬಬಲ್ (ಬಹುಮಾನದ ಸ್ಥಾನಗಳು ಶುರುವಾಗುವ ಸ್ವಲ್ಪ ಮುಂಚಿನ ಹಂತ) ಹೊತ್ತಿಗಂತೂ ಆಟ ಆಮೆಯಾಗುತ್ತದೆ, ಎಲ್ಲ ಟೇಬಲ್‌ಗಳೂ ಒಂದೊಂದೇ ಕೈ ಆಡಿ ಕಾಯಬೇಕು. ಟೇಬಲ್‌ನಲ್ಲಿ ಚಾರ್ಟ್, ಸಾಲ್ವರ್ ನೋಡುವಂತಿಲ್ಲ. 2024ರ ಫೈನಲ್‌ನಲ್ಲಿ ಬೆಂಬಲಿಗರ ಸಾಲಿನ ಲ್ಯಾಪ್‌ಟಾಪ್ ವಿವಾದವಾದ ಮೇಲೆ ಈ ವಿಷಯದಲ್ಲಿ ಬಿಗಿ ಹೆಚ್ಚಾಗಿದೆ.

ದಿನದ ಕೊನೆಗೆ ಚಿಪ್ಸ್ ಎಣಿಸಿ ಪಾರದರ್ಶಕ ಚೀಲಕ್ಕೆ ಹಾಕಿ, ಹೆಸರು, ಮೊತ್ತ ಬರೆದು ಸಹಿ ಮಾಡಿ ಅಂಟಿಸಬೇಕು. ಹತ್ತು ಗಂಟೆ ಆಡಿದ ಆಯಾಸದಲ್ಲಿ ಮೊತ್ತ ತಪ್ಪು ಬರೆಯುವವರು ಬಹಳ. ಬಣ್ಣವಾರು ಇಪ್ಪತ್ತರ ಗೋಪುರ ಮಾಡಿ ಎರಡು ಸಲ ಎಣಿಸಿ, ಚೀಟಿಯ ಪ್ರತಿಯ ಫೋಟೋ ತೆಗೆದುಕೊಳ್ಳಿ.

ಕೊನೆಗೆ ತೆರಿಗೆ, ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಅಮೆರಿಕ ವಿದೇಶಿಯರ ಗೆಲುವಿಗೆ ಶೇಕಡಾ 30 ಅಲ್ಲೇ ಹಿಡಿಯುತ್ತದೆ. ಬ್ರಿಟನ್ನಿನಂಥ ಕೆಲವು ದೇಶಗಳಿಗೆ ಒಪ್ಪಂದದ ವಿನಾಯಿತಿ ಇದೆ, ಭಾರತಕ್ಕೆ ಇಲ್ಲ. ಪಾಲು ಮಾರಿದ್ದರೆ 5754 ಸಂಖ್ಯೆಯ ಫಾರ್ಮ್ ತುಂಬಿ ಯಾರಿಗೆ ಎಷ್ಟು ಎಂದು ಪಾವತಿ ಕೌಂಟರ್‌ನಲ್ಲೇ ತಿಳಿಸಿ, ಇಲ್ಲದಿದ್ದರೆ ಪೂರ್ತಿ ಗೆಲುವು ನಿಮ್ಮ ಹೆಸರಿಗೇ ಬೀಳುತ್ತದೆ. ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ಕ್ರೆಡಿಟ್ ಸಿಗುತ್ತದೆ, ಆದರೆ ಅಲ್ಲಿಯ ತೆರಿಗೆ ಚೀಟಿ ಕೈಯಲ್ಲಿರಬೇಕು. ಭಾರತದಲ್ಲಿ ಇಸ್ಪೀಟಿನ ಗೆಲುವಿಗೆ ಶೇಕಡಾ 30 ಮತ್ತು ಸೆಸ್, ಒಟ್ಟು 31.2, ಖರ್ಚನ್ನು ಕಳೆಯಲು ಅವಕಾಶವಿಲ್ಲ. ಕನಿಷ್ಠ ಬಹುಮಾನ 15,000 ಬಂತು ಎಂದಿಟ್ಟುಕೊಳ್ಳಿ. ತೆರಿಗೆ 4,680, ಉಳಿದದ್ದು 10,320. ಟಿಕೆಟ್ ತೆಗೆದರೆ 320 ಡಾಲರ್. ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆಡಿ, ಬಬಲ್ ದಾಟಿ, ಚಪ್ಪಾಳೆ ಗಿಟ್ಟಿಸಿಕೊಂಡವರಿಗೆ ಬೆಂಗಳೂರಿನ ವಿಮಾನದ ದುಡ್ಡೂ ಹುಟ್ಟಲಿಲ್ಲ. ಹಾಗಾಗಿ ಬಬಲ್ ಹತ್ತಿರ ಸ್ಟ್ಯಾಕ್ ಕಾಪಾಡಿಕೊಂಡು ಕೂರುವ ಆಟ ಇಲ್ಲಿಂದ ಹೋದವರಿಗೆ ಗಿಟ್ಟುವುದಿಲ್ಲ. ಬೇರೆಯವರು ಹೆದರಿ ಎಲೆ ಎಸೆಯುವ ಆ ಎರಡು ಗಂಟೆಗಳಲ್ಲೇ ಬ್ಲೈಂಡ್ ಕದಿಯಬೇಕು. ವಿಮಾನದ ಟಿಕೆಟ್ಟಾದರೂ ದಿನಾಂಕ ಬದಲಿಸಬಹುದಾದದ್ದೇ ಇರಲಿ. ಅಗ್ಗವೆಂದು ಬದಲಿಸಲಾಗದ ಟಿಕೆಟ್ ಕೊಂಡವರು ಐದನೇ ದಿನಕ್ಕೆ ತಲುಪಿದಾಗ ಹೊಸ ಟಿಕೆಟ್‌ಗೆ ದುಪ್ಪಟ್ಟು ತೆರುತ್ತಾರೆ.